ಬೀಗದವನ ಮನೆ ನಕ್ಷೆಯಲ್ಲಿ ಇಲ್ಲದಿರುವ ಬಗ್ಗೆ

ಇಂದ:
ಬೀಗ ರಿಪೇರಿ ಮಾಡುವವನು ಮತ್ತು ಕಳೆದುಹೋದ ಬೀಗದ ಕೈ ಮಾಡಿಕೊಡುವವನು
(ಪೇಟೆಯವರ ಬಾಯಲ್ಲಿ 'ಬೀಗದಣ್ಣ'),
ಪೇಟೆ ಬೀದಿ, ಬಸ್ ನಿಲ್ದಾಣದ ಎದುರು.
ತಮ್ಮ ನಕ್ಷೆಯ ಪ್ರಕಾರ: ಸಾರ್ವಜನಿಕ ಶೌಚಾಲಯ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು,
ನಗರ ಭೂಬಳಕೆ ಮತ್ತು ಸಾರ್ವಜನಿಕ ನಕ್ಷೆ ವಿಭಾಗ,
ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ).

ವಿಷಯ: ಶೌಚಾಲಯದಲ್ಲಿ ವಾಸವಿರುವ ಕುಟುಂಬದ ಕುರಿತು ತಾವು ಹೊರಡಿಸಿದ ಆದೇಶವನ್ನು ತಲೆಬಾಗಿ ಒಪ್ಪಿಕೊಂಡು, ಅದರಂತೆ ನಡೆಯಲು ನೆರವು ಕೋರುವ ಬಗ್ಗೆ.

ಉಲ್ಲೇಖ:
೧) ಇದೇ ಅರ್ಜಿದಾರನ ಹಿಂದಿನ ಅರ್ಜಿಗಳು, ಮೊಹರು ಬಿದ್ದವು.
೨) ಸದರಿಯವನ ಅರ್ಜಿಗಳು, ಮೊಹರು ಒತ್ತುವವರು ಊಟಕ್ಕೆ ಹೋಗಿದ್ದಾಗ ಕೊಟ್ಟವು.
೩) ತಮ್ಮ ತನಿಖಾಧಿಕಾರಿಯವರ ಸ್ಥಳ ಪರಿಶೀಲನಾ ವರದಿ.
೪) ಆಕ್ಷೇಪಣೆ ಸಭೆಯ ನಡಾವಳಿ ಮತ್ತು ಅಂತಿಮ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನ ಅರಿಕೆ ಏನೆಂದರೆ, 'ನಾನು, ನನ್ನ ಹೆಂಡತಿ' ಎಂದೆಲ್ಲ ಬರೆದರೆ ಕಡತಕ್ಕೆ ಗಾಂಭೀರ್ಯ ಬರುವುದಿಲ್ಲ, 'ಅರ್ಜಿದಾರ, ಅರ್ಜಿದಾರನ ಹೆಂಡತಿ' ಎಂದೇ ಬರೆಯತಕ್ಕದ್ದು ಎಂದು ತಮ್ಮ ಕೌಂಟರಿನವರು ಹಿಂದಿನ ಸಲ ತಿದ್ದಿಸಿದ್ದರು. ಆದ ಕಾರಣ ಅರ್ಜಿದಾರನು ಇಲ್ಲಿ ತನ್ನ ಕಥೆಯನ್ನು ಮೂರನೆಯವನಂತೆ ನಿಂತು ಹೇಳಿದ್ದಾನೆ. ಸ್ವಂತ ಮನೆಯಲ್ಲೇ ಮೂರನೆಯವನಾದ ಮೇಲೆ ಇದೇನೂ ಅವನಿಗೆ ಕಷ್ಟವಾಗಲಿಲ್ಲ.

೧. ಊರಿನ ಯಾವ ಜಾಗ ಯಾವುದಕ್ಕೆ ಮೀಸಲು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಉದ್ಯಾನ ಎಂದು ಬಣ್ಣಬಣ್ಣವಾಗಿ ತೋರಿಸುವ ನಕ್ಷೆಯನ್ನು ತಮ್ಮ ವಿಭಾಗವು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವ ಹಾಗೆ ಬಿಡುಗಡೆ ಮಾಡಿತಷ್ಟೆ. ಅದನ್ನು ಮನಸಾರೆ ಸ್ವಾಗತಿಸಿದವರಲ್ಲಿ ಅರ್ಜಿದಾರನೂ ಒಬ್ಬ. ತೆರೆಯುವುದೇ ಅವನ ಕಸುಬು. ಇಷ್ಟು ವರ್ಷ ಬೀರುವಿನೊಳಗೆ ಮಲಗಿದ್ದ ನಕ್ಷೆ ಕಡೆಗೂ ಬೀದಿಗೆ ಬಂತು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿ ಹಿಗ್ಗಿದ. ನಕ್ಷೆ ಬೀದಿಗೆ ಬಂದರೆ ತಾನೂ ಬೀದಿಗೆ ಬೀಳಬೇಕಾದೀತು ಎಂಬುದು ಅವನಿಗೆ ಆಗ ಹೊಳೆಯಲಿಲ್ಲ.

೨. ಅರ್ಜಿದಾರನ ಸ್ಥಳದಲ್ಲಿ ಮುಂದುಗಡೆ ಬೀಗದ ಅಂಗಡಿ ಇದೆ. ಅದರ ಪಕ್ಕದ ಕಿರಿದಾದ ಓಣಿಯಂಥ ದಾರಿಯಲ್ಲಿ ನಡೆದರೆ ಹಿಂದೆ ಮನೆ. ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಒಂದು ಬಚ್ಚಲು, ಅದಕ್ಕೆ ಅಂಟಿಕೊಂಡು ಒಂದು ಕಕ್ಕಸು. ಒಂದು ಬೆಳಿಗ್ಗೆ ಅರ್ಜಿದಾರನು ಕೀಲಿಯೊಂದಕ್ಕೆ ಅರ ಹಾಕುತ್ತ ಕೂತಿದ್ದಾಗ ದಷ್ಟಪುಷ್ಟವಾದ ಲಾರಿ ಚಾಲಕರೊಬ್ಬರು ಒಂದು ಕೈಯಲ್ಲಿ ಮೊಬೈಲ್, ಇನ್ನೊಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಂದು ನಿಂತರು.

"ಎಲ್ಲಿ?" ಎಂದರು.

"ಏನು ಎಲ್ಲಿ? ಕೀ ಕಳೀತಾ?"

"ಅಯ್ಯೋ, ಕೀ ಅಲ್ಲ ರೀ. ಅದೇ! ಎಲ್ಲಿ?"

"ಮನೇದಾ, ಗಾಡೀದಾ?"

ಲಾರಿಯವರು ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ಮೊಬೈಲಿನೊಳಗಿನ ಹೆಂಗಸಿನ ದನಿ "ಬಲಕ್ಕೆ ತಿರುಗಿ, ನೇರ ಹೋಗಿ" ಎಂದಿತು. ಅವರು ಬಲಕ್ಕೆ ತಿರುಗಿ ನೇರ ಹೋಗಿಯೇಬಿಟ್ಟರು. ಒಳಗೆ ಅರ್ಜಿದಾರನ ಹೆಂಡತಿ ಕೈಯಲ್ಲಿ ಸೌಟು ಹಿಡಿದು ನಿಂತವಳು, ನಡುಮನೆ ದಾಟಿ, ಅಡುಗೆಮನೆ ದಾಟಿ, ತನಗೊಂದು ನಮಸ್ಕಾರವನ್ನೂ ಹಾಕಿ ಹಿತ್ತಲಿಗೆ ಓಡಿದ ಮನುಷ್ಯನನ್ನು ನೋಡಿ ಕಿರುಚುವುದನ್ನೂ ಮರೆತಳು. ಹೊರಗೆ ಬರುವಾಗ ಆತನ ಮುಖದಲ್ಲಿ ಎಂಥ ಶಾಂತಿಯಿತ್ತೆಂದರೆ, ಬೈಯಲು ಬಾಯಿ ತೆರೆದ ಅರ್ಜಿದಾರನು ಕೈಮುಗಿದುಬಿಟ್ಟನು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಒಳಗೆ ಅಡುಗೆ ವ್ಯವಸ್ಥೇನೂ ಇದೆಯಲ್ಲ, ಇದು ಹೊಸ ಯೋಜನೆನಾ?" ಎಂದು ಕೇಳಿ ಅವರು ಲಾರಿ ಹತ್ತಿದರು.

೩. ಅವರ ಹಿಂದೆ ಇನ್ನೊಬ್ಬರು, ಇನ್ನೊಬ್ಬರ ಹಿಂದೆ ಮತ್ತೊಬ್ಬರು ಬರತೊಡಗಿದರು. ಅರ್ಜಿದಾರನ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮೊಬೈಲಿನ ಮರ್ಮ ಬಲ್ಲವಳು. ಅವಳೇ ಹುಡುಕಿ ತೋರಿಸಿದಳು. ಅಕ್ಕಪಕ್ಕದ ಮನೆಗಳೆಲ್ಲ ಹಳದಿ ಬಣ್ಣದಲ್ಲಿದ್ದವು. ಅರ್ಜಿದಾರನ ಜಾಗ ಮಾತ್ರ ನೀಲಿ, ಅದರ ಮೇಲೆ ಒಂದು ಗಂಡು ಒಂದು ಹೆಣ್ಣು ಅಕ್ಕಪಕ್ಕ ನಿಂತಿರುವ ಗುರುತು.

ಅರ್ಜಿದಾರನ ಹೆಂಡತಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. "ಪರವಾಗಿಲ್ವೇ! ನಮ್ಮಿಬ್ಬರ ಚಿತ್ರಾನೂ ಹಾಕಿದಾರಲ್ಲ" ಎಂದಳು.

"ಅಮ್ಮಾ, ಅದು ನೀವಿಬ್ಬರಲ್ಲ. ಗಂಡಸರಿಗೆ, ಹೆಂಗಸರಿಗೆ ಅಂತ."

ಗುರುತಿನ ಕೆಳಗೆ, ಬಂದುಹೋದವರು ಬರೆದ ಅಭಿಪ್ರಾಯಗಳೂ ಇದ್ದವು. ಮಗಳು ಓದಿದಳು, ಅರ್ಜಿದಾರನು ಕೇಳಿದನು:

"ಸ್ವಚ್ಛವಾಗಿದೆ. ಆದರೆ ಒಳಗೆ ಯಾರೋ ಟಿವಿ ನೋಡುತ್ತಿದ್ದರು. ಮೂರು ನಕ್ಷತ್ರ."

"ಸಿಬ್ಬಂದಿ ಸಿಡುಕು. 'ಇದು ನನ್ನ ಮನೆ' ಎಂದು ಕೂಗುತ್ತಾರೆ. ಸಾರ್ವಜನಿಕ ಆಸ್ತಿಯನ್ನು ಸ್ವಂತದ್ದೆಂದು ತಿಳಿಯುವ ಪ್ರವೃತ್ತಿ ಯಾವಾಗ ಹೋಗುವುದೋ. ಒಂದು ನಕ್ಷತ್ರ."

"ಒಂದು ಕುಟುಂಬ ಒಳಗೇ ಬೀಡುಬಿಟ್ಟಿದೆ. ಸಂಬಂಧಪಟ್ಟವರು ತೆರವುಗೊಳಿಸಬೇಕು."

ಈ ಕೊನೆಯದನ್ನು ನಲವತ್ತಕ್ಕೂ ಹೆಚ್ಚು ಜನ ಮೆಚ್ಚಿದ್ದರು.

೪. ಅರ್ಜಿದಾರನು ಅಂಗಡಿಗೆ ಬಾಗಿಲೆಳೆದು ತಮ್ಮ ಮೂರನೇ ಮಹಡಿ ಹತ್ತಿದನು. ಅಲ್ಲಿ ನಕ್ಷೆ ನೋಡಿಕೊಳ್ಳುವ ಅಧಿಕಾರಿಣಿಯೊಬ್ಬರು ಇದ್ದಾರೆ. ಎಲ್ಲರೂ ಅವರನ್ನು ನಕ್ಷೆ ಮೇಡಂ ಎನ್ನುತ್ತಾರೆ. ವಯಸ್ಸಿನಲ್ಲಿ ಅರ್ಜಿದಾರನ ಮಗಳಿಗಿಂತ ಸ್ವಲ್ಪ ದೊಡ್ಡವರು. ಮಾತು ಮೃದು, ಕೂತ ಕುರ್ಚಿ ಗಟ್ಟಿ. ಅವರು ಅರ್ಜಿದಾರನನ್ನು ಕೂರಿಸಿ, ಪರದೆ ಅವನತ್ತ ತಿರುಗಿಸಿ ತೋರಿಸಿದರು.

"ನೋಡಿ, ಈ ನಕ್ಷೆ ತಪ್ಪಾಗೋದಕ್ಕೆ ಆಗಲ್ಲ. ಆಕಾಶದಿಂದ ನೋಡಿ ಮಾಡಿದ್ದು."

"ಆಕಾಶದಿಂದ ನೋಡಿದ್ರೆ ಹೆಂಚು ಕಾಣುತ್ತೆ ಮೇಡಂ. ಹೆಂಚಿನ ಕೆಳಗೆ ಮಂಚ ಇರೋದು ಕಾಣುತ್ತಾ?"

ಮೇಡಂ ನೀಲಿ ಚೌಕವನ್ನು ಹಿಗ್ಗಿಸಿ ನೋಡಿದರು. "ಗುರುತು ಹಾಕುವಾಗ ಆಚೀಚೆ ಆಗಿರಬಹುದು, ಒಪ್ಪಿಕೊಳ್ತೀನಿ. ಆದರೆ ಈಗ ಅದು ಪ್ರಕಟವಾಗಿಬಿಟ್ಟಿದೆ. ಪ್ರಕಟವಾದ ಮೇಲೆ ಅದೇ ಕಾನೂನು. ಕಾನೂನಿನ ಪ್ರಕಾರ ನೀವು ಶೌಚಾಲಯವನ್ನ ವಾಸಕ್ಕೆ ಬಳಸ್ತಾ ಇದೀರಿ. ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಿ. ತನಿಖೆ ಆಗುತ್ತೆ, ಆಮೇಲೆ ಸಾರ್ವಜನಿಕರ ಆಕ್ಷೇಪಣೆ ಕರೀತೀವಿ. ಯಾರೂ ಆಕ್ಷೇಪಿಸದಿದ್ರೆ ಮನೆ ಅಂತ ಮಾಡಿಕೊಡ್ತೀವಿ."

"ಮನೆ ಮನೇನೇ ಮೇಡಂ. ಅದನ್ನ ಮನೆ ಮಾಡೋದಕ್ಕೆ ಊರವರನ್ನ ಯಾಕೆ ಕೇಳಬೇಕು?"

"ಊರವರದ್ದೇ ನಕ್ಷೆ ಅಲ್ವಾ?" ಎಂದರು ಮೇಡಂ. ಅರ್ಜಿದಾರನು ಭೂಬಳಕೆ ಬದಲಾವಣೆಯ ಅರ್ಜಿ ತುಂಬಿಸಿ ಕೊಟ್ಟು ಮೆಟ್ಟಿಲಿಳಿದನು.

೫. ತನಿಖಾಧಿಕಾರಿಯವರು ಬಂದರು. ಒಳ್ಳೆಯ ಮನುಷ್ಯ. ನಡುಮನೆ ನೋಡಿದರು, ಮಂಚ ಮುಟ್ಟಿ ನೋಡಿದರು, ಒಲೆ ಉರಿಯುತ್ತಿರುವುದನ್ನು ಕಣ್ಣಾರೆ ಕಂಡರು. "ಇದು ನೂರಕ್ಕೆ ನೂರು ಮನೆ. ನೀವು ನಿಶ್ಚಿಂತೆಯಿಂದಿರಿ" ಎಂದು ಧೈರ್ಯ ಹೇಳಿದರು. ಹೊರಡುವ ಮುಂಚೆ, ಮಹಡಿಯಿಳಿದು ಬಿಸಿಲಲ್ಲಿ ಬಂದಿದ್ದರಿಂದಲೋ ಏನೋ, ಸಂಕೋಚಪಡುತ್ತ ಹಿತ್ತಲಿನ ಕಡೆ ಕೈ ತೋರಿಸಿ ಹೋಗಬಹುದೇ ಎಂದು ಕೇಳಿದರು. ಕೇಳಿಕೊಂಡು ಹೋದವರಲ್ಲಿ ಅವರೇ ಮೊದಲಿಗರಾದ್ದರಿಂದ ಅರ್ಜಿದಾರನು ಗೌರವದಿಂದ ದಾರಿ ಬಿಟ್ಟನು. ಉಲ್ಲೇಖ ಮೂರರ ವರದಿಯಲ್ಲಿ ಅವರು ಬರೆದದ್ದು ಇಷ್ಟು: "ಖುದ್ದು ಪರಿಶೀಲಿಸಲಾಗಿ, ಸ್ಥಳದಲ್ಲಿ ಶೌಚಾಲಯವಿರುವುದು ದೃಢಪಟ್ಟಿದೆ. ಬಳಕೆಯಲ್ಲಿದೆ. ನಿರ್ವಹಣೆ ತೃಪ್ತಿಕರ."

೬. ಇದೇ ಸಮಯಕ್ಕೆ ಅರ್ಜಿದಾರನ ಮಗಳು, ಕಣ್ಣಾಸ್ಪತ್ರೆಯಲ್ಲಿ ಕನ್ನಡಕದ ಅಳತೆ ತೆಗೆಯುವ ಹುಡುಗನೊಬ್ಬನನ್ನು ಮೆಚ್ಚಿರುವುದಾಗಿ ಮನೆಯಲ್ಲಿ ತಿಳಿಸಿದಳು. ಹುಡುಗನ ತಂದೆತಾಯಿ ಬೇರೆ ಊರಿನವರು, ನೋಡಿ ಮಾತಾಡಿ ಹೋಗಲು ಬರುವವರಿದ್ದರು. ಬೀಗದ ಜೊತೆ ಬದುಕು ಕಳೆದವನಿಗೆ ಬೀಗರು ಹೊಸಬರು. ಅರ್ಜಿದಾರನು ಅಂಗಡಿ ಮುಚ್ಚಿ, ಗಡ್ಡ ಹೆರೆಸಿ, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಕಾದನು. ಹುಡುಗನು ಅವರಿಗೆ ವಿಳಾಸ ಬರೆದು ಕೊಟ್ಟಿದ್ದ. ಅವರು ಆ ವಿಳಾಸವನ್ನು ಮೊಬೈಲಿಗೆ ಕೊಟ್ಟಿದ್ದರು. ಮೊಬೈಲು ಅವರನ್ನು ಬಾಗಿಲ ತನಕ ಕರೆತಂದು, "ಸಾರ್ವಜನಿಕ ಶೌಚಾಲಯ ತಲುಪಿದ್ದೀರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿತು.

ಹುಡುಗನ ತಾಯಿ ಗಂಡನ ಮುಖ ನೋಡಿದರು. ಗಂಡ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

"ಬನ್ನಿ ಬನ್ನಿ, ಒಳಗೆ ಬನ್ನಿ" ಎಂದನು ಅರ್ಜಿದಾರ. ಆ ಮಾತು ಅಷ್ಟು ಕೆಟ್ಟದಾಗಿ ಕೇಳಿಸಬಹುದೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಒಳಗೆ ಕೂರಿಸಿ ಚಹಾ ಕೊಟ್ಟು, ನಕ್ಷೆ, ಆಕಾಶ, ಆಕ್ಷೇಪಣೆ ಎಂದು ಅರ್ಜಿದಾರನು ವಿವರಿಸತೊಡಗಿದ್ದನಷ್ಟೆ, ನಡುಮನೆಯ ಬಾಗಿಲಲ್ಲಿ ತರಕಾರಿ ಅಜ್ಜಿ ಬಂದು ನಿಂತಳು. ಅರ್ಜಿದಾರನ ಅಂಗಡಿಯೆದುರು ಚೀಲ ಹಾಸಿ ಸೊಪ್ಪು ತರಕಾರಿ ಮಾರುವ ಮುದುಕಿ. ಯಾವ ಕಾಲದಿಂದ ಕೂರುತ್ತಿದ್ದಾಳೆಂದು ಕೇಳಿದರೆ ಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಇದುವರೆಗೆ ಅವಳು ಅರ್ಜಿದಾರನ ಹೊಸ್ತಿಲು ತುಳಿದವಳೇ ಅಲ್ಲ.

"ತಾಯೀ, ಒಂದು ನಿಮಿಷ ಹಿಂದಕ್ಕೆ ಹೋಗಿಬರ್ಲಾ?" ಎಂದಳು.

ಬೀಗರ ಮುಂದೆ ಮಾನ ಹರಾಜಾದ ಸಿಟ್ಟೆಲ್ಲ ಅರ್ಜಿದಾರನ ನಾಲಿಗೆಗೆ ಬಂತು. "ಏನಜ್ಜೀ, ನಿನಗೂ ಮೊಬೈಲ್ ಬಂತಾ? ಇದು ಮನೆ! ಕಣ್ಣು ಕಾಣಲ್ವಾ? ಮನೆ!"

ಅಜ್ಜಿ ಹಿಂದಕ್ಕೆ ಸರಿದಳು. ಸಿಟ್ಟಾಗಲಿಲ್ಲ. "ಮನೆ ಅಂತ ಗೊತ್ತು ಕಣಪ್ಪ. ನಿನ್ನ ಮಗಳು ಅಂಬೆಗಾಲಿಡೋದನ್ನ ಈ ಬಾಗಿಲಲ್ಲೇ ನೋಡಿದೀನಿ. ಯಾವತ್ತಾದರೂ ಕೇಳಿದ್ನಾ? ಈಗ ಸರ್ಕಾರನೇ ಇಲ್ಲೊಂದು ಇದೆ ಅಂತ ಬರೆದಿದೆ ಅಂದ್ರು. ಬರೆದಿದ್ರೆ ನಂಗೂ ಸೇರಿಸಿ ಬರೆದಿರ್ತಾರೇನೋ ಅಂದ್ಕೊಂಡೆ. ಹೋಗ್ಲಿ ಬಿಡು."

ಅವಳು ತಿರುಗಿ ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಅರ್ಜಿದಾರನ ಹೆಂಡತಿ ಚಹಾದ ತಟ್ಟೆಯನ್ನು ಗಂಡನ ತೊಡೆಯ ಮೇಲಿಟ್ಟು ಎದ್ದಳು. ಓಣಿಯವರೆಗೆ ಹೋಗಿ ಅಜ್ಜಿಯ ರಟ್ಟೆ ಹಿಡಿದು ಕರೆತಂದು, ಬೀಗರ ನಡುವೆಯೇ ದಾಟಿಸಿ, ಹಿತ್ತಲಿಗೆ ಕರೆದೊಯ್ದಳು. ಅರ್ಜಿದಾರನು ತಟ್ಟೆ ಹಿಡಿದುಕೊಂಡು ಕೂತಿದ್ದನು.

ಕಡೆಗೆ ಹುಡುಗನ ತಾಯಿ ಗಂಟಲು ಸರಿಮಾಡಿಕೊಂಡು, "ಆ ಅಜ್ಜಿ ಬಂದ ಮೇಲೆ ನಮ್ಮ ಯಜಮಾನರೂ ಒಂದು ಸಲ ಹೋಗಿಬರಲಿ. ಬಸ್ಸಿಳಿದಾಗಿನಿಂದ ಒದ್ದಾಡ್ತಾ ಇದಾರೆ, ಬೀಗರ ಮನೇಲಿ ಬಂದ ತಕ್ಷಣ ಹೇಗೆ ಕೇಳೋದು ಅಂತ" ಎಂದರು.

ಬೀಗರ ಮನೆ ಎಂದರು, ಮಾನ್ಯರೇ. ವರದಿಯಲ್ಲಿ ಮಾತು ಬದಲಿಸಿದ ತನಿಖಾಧಿಕಾರಿಯವರನ್ನು ಬಿಟ್ಟರೆ, ಅಷ್ಟು ತಿಂಗಳಲ್ಲಿ ಅದನ್ನು ಮನೆ ಎಂದ ಮೊದಲ ಹೊರಗಿನವರು ಅವರು.

೭. ಅವರೆಲ್ಲ ಹೊರಟ ಮೇಲೆ ಅರ್ಜಿದಾರನು ಅಡುಗೆಮನೆಗೆ ಹೋಗಿ, "ಅಷ್ಟು ಜನರ ಮುಂದೆ ನನ್ನ ಮಾತು ತೆಗೆದುಹಾಕಿಬಿಟ್ಟೆಯಲ್ಲೇ" ಎಂದನು.

ಹೆಂಡತಿ ಲೋಟ ತೊಳೆಯುತ್ತಿದ್ದಳು. "ನಾನು ಬಟ್ಟೆ ಅಂಗಡೀಲಿ ಕೆಲಸ ಮಾಡ್ತಿದ್ನಲ್ಲ, ನೆನಪಿದೆಯಾ?"

ನೆನಪಿಲ್ಲದೆ ಏನು. ಮಗಳು ಹುಟ್ಟುವ ಮುಂಚಿನಿಂದ ಮೊನ್ನೆ ಮೊನ್ನೆಯವರೆಗೂ ಅವಳು ಅಲ್ಲಿ ಗಿರಾಕಿಗಳಿಗೆ ಬಟ್ಟೆ ಬಿಚ್ಚಿ ತೋರಿಸುತ್ತ ನಿಂತಿದ್ದವಳು.

"ಅಲ್ಲಿ ಹೆಂಗಸರಿಗೆ ಏನೂ ಇರಲಿಲ್ಲ ರೀ. ಬೆಳಗ್ಗೆ ಮನೆ ಬಿಡೋವಾಗ ಒಂದು ಗುಟುಕು ನೀರು. ಮತ್ತೆ ನೀರು ಮುಟ್ಟೋದು ಸಾಯಂಕಾಲ ಮನೆಗೆ ಬಂದ ಮೇಲೆ. ಬೇಸಿಗೇಲೂ ಹಾಗೇನೇ. ಬಸುರೀಲೂ ಹಾಗೇನೇ."

ಅರ್ಜಿದಾರನ ಹೆಂಡತಿಗೆ ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನೀರು ಕುಡಿಯೋದಕ್ಕೂ ಸೋಮಾರಿತನವೇನಮ್ಮ ಎಂದು ಡಾಕ್ಟರು ಗದರಿದ್ದರು. ಅರ್ಜಿದಾರನೂ ಡಾಕ್ಟರ ಜೊತೆ ಸೇರಿಕೊಂಡು ಗದರಿದ್ದನು.

"ನನಗೆ ಒಂದು ಮಾತು ಹೇಳಲಿಲ್ಲ ನೀನು."

"ಏನಂತ ಹೇಳೋದು? ನೀವು ಬೀಗದವರು, ಬಿಚ್ಚೋದು ಗೊತ್ತು. ಕಟ್ಟಿಕೊಂಡು ನಿಂತಿರೋದು ನಿಮಗೇನು ಗೊತ್ತು?" ಎಂದು ಅವಳು ಲೋಟ ಬೋರಲು ಹಾಕಿದಳು.

೮. ಆದಾಗ್ಯೂ, ಕೊಟ್ಟ ಅರ್ಜಿ ಕೊಟ್ಟದ್ದೇ ಆದ ಕಾರಣ, ಆಕ್ಷೇಪಣೆ ಸಭೆಗೆ ಅರ್ಜಿದಾರನು ಹೆಂಡತಿಯೊಂದಿಗೆ ಹಾಜರಾದನು. ಇಂಥ ಸಭೆಗಳಿಗೆ ಕುರ್ಚಿಗಳನ್ನು ಬಿಟ್ಟರೆ ಯಾರೂ ಬರುವುದಿಲ್ಲ ಎಂದು ತಮ್ಮ ಜವಾನರು ಅಭಯ ಕೊಟ್ಟಿದ್ದರು. ಆದರೆ ಅಂದು ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅವರಲ್ಲಿ ಮುಕ್ಕಾಲು ಪಾಲು ಹೆಂಗಸರು. ತರಕಾರಿ ಅಜ್ಜಿ ಮೊದಲ ಸಾಲಿನಲ್ಲೇ ಕೂತಿದ್ದಳು. ಬಸ್ಸಿನ ಕಂಡಕ್ಟರಮ್ಮ ಟಿಕೆಟಿನ ಚೀಲ ಹೆಗಲಿಗೇರಿಸಿಕೊಂಡೇ ಬಂದಿದ್ದಳು. ತಳ್ಳುಗಾಡಿಯಲ್ಲಿ ಮೊಬೈಲ್ ಕವರ್ ಮಾರುವ ತುಂಬು ಬಸುರಿಗೆ ಯಾರೋ ಕುರ್ಚಿ ಬಿಟ್ಟುಕೊಟ್ಟರು.

ವೇದಿಕೆಯ ಮೇಲಿದ್ದ ತಾವು, "ಸದರಿ ಶೌಚಾಲಯವನ್ನು ವಾಸದ ಮನೆಯಾಗಿ ಬದಲಾಯಿಸಲು ಯಾರದ್ದಾದರೂ ಆಕ್ಷೇಪಣೆ ಉಂಟೆ?" ಎಂದು ಕೇಳಿದಿರಿ.

ಕಂಡಕ್ಟರಮ್ಮ ಎದ್ದಳು. "ಉಂಟು ಸಾರ್. ಈ ನಿಲ್ದಾಣದಲ್ಲಿ ಬಸ್ಸು ನಿಂತಾಗ ನಮ್ಮ ಡ್ರೈವರಿಗೆ ಬಸ್ಸಿನ ಹಿಂದಿನ ಚಕ್ರ ಇದೆ. ನನಗೇನಿದೆ?"

ಸಭೆ ನಕ್ಕಿತು, ತಾವೂ ನಕ್ಕಿರಿ. ಅವಳು ಮಾತ್ರ ನಗಲಿಲ್ಲ. ತಮ್ಮ ನಗು ಸ್ವಲ್ಪ ಮುಂದೆ ಹೋಗಿ ನಿಂತುಹೋಯಿತು.

ಆಗ ನಕ್ಷೆ ಮೇಡಂ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪೇಟೆಯ ನಕ್ಷೆ ಹಾಕಿದರು. ಹಳದಿ ಮನೆಗಳು, ಕೆಂಪು ಅಂಗಡಿಗಳು, ನಡುವೆ ಅರ್ಜಿದಾರನ ನೀಲಿ ಚೌಕ. "ಅರ್ಜಿ ಮಂಜೂರಾದರೆ ಹೀಗಾಗುತ್ತೆ" ಎಂದು ಒಂದು ಗುಂಡಿ ಒತ್ತಿದರು. ಗಂಡು ಹೆಣ್ಣಿನ ಗುರುತು ಮಾಯವಾಯಿತು. ಮನೆ ಹಳದಿಯಾಯಿತು. ಅರ್ಜಿದಾರನು ಆ ಹಳದಿಯನ್ನು ನೋಡಿ ಸಮಾಧಾನದ ಉಸಿರು ಬಿಡಬೇಕು ಎನ್ನುವಷ್ಟರಲ್ಲಿ, ತಮ್ಮ ಪಕ್ಕದ ಅಧಿಕಾರಿಯೊಬ್ಬರು "ನೀಲಿ ಇನ್ನೆಲ್ಲಿದೆ?" ಎಂದರು. ಮೇಡಂ ನಕ್ಷೆಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಮಾರುಕಟ್ಟೆಯ ತುದಿಯವರೆಗೂ ಹೋಗಿ ಬಂದರು. ನೀಲಿ ಎಲ್ಲಿಯೂ ಇರಲಿಲ್ಲ. ಇಡೀ ಪೇಟೆಗೆ ಇದ್ದದ್ದು ಅದೊಂದೇ, ಅದೂ ಇಲ್ಲದ್ದು.

"ಅರ್ಜಿದಾರರ ಕುಟುಂಬದವರಿಗೆ ಅರ್ಜಿ ಒಪ್ಪಿಗೆಯೇ?" ಎಂದು ತಾವು ವಾಡಿಕೆಯಂತೆ ಕೇಳಿದಿರಿ. ಅದಕ್ಕೆ ಅರ್ಜಿದಾರನ ಹೆಂಡತಿ ಎದ್ದು ನಿಂತಳು.

"ಒಪ್ಪಿಗೆ ಇಲ್ಲ ಸಾರ್."

ಅರ್ಜಿದಾರನು ಅವಳ ತೋಳು ಜಗ್ಗಿದನು. ಅವಳು ಬಿಡಿಸಿಕೊಂಡಳು.

"ನನ್ನ ಮನೇನ ಮನೆ ಅಂತ ಬರೀರಿ, ಬೇಡ ಅನ್ನಲ್ಲ. ಆದರೆ ಆ ಗುರುತನ್ನ ಅಳಿಸೋ ಮುಂಚೆ, ಅದನ್ನ ಎಲ್ಲಿಗೆ ಒಯ್ದು ಇಡ್ತೀರಿ ಅಂತ ಈಗಲೇ ಇಲ್ಲೇ ತೋರಿಸಿ. ಸುಮ್ಮನೆ ಅಳಿಸಿದ್ರೆ ಈ ಹೆಂಗಸರು ಇಲ್ಲಿ ಇದ್ದಾರೆ ಅನ್ನೋದನ್ನೂ ಅಳಿಸಿದ ಹಾಗೇ."

ಹೀಗೆ ಅರ್ಜಿದಾರನ ಅರ್ಜಿಗೆ ಲಿಖಿತವಾಗಿ ದಾಖಲಾದ ಪ್ರಧಾನ ಆಕ್ಷೇಪಣೆದಾರಳು ಅವನ ಹೆಂಡತಿಯೇ ಆದಳು. ಮದುವೆಯಾದಂದಿನಿಂದ ಅವಳು ಆಕ್ಷೇಪಿಸುತ್ತಲೇ ಬಂದವಳು, ಆದರೆ ನಡಾವಳಿಯಲ್ಲಿ ಬಂದದ್ದು ಇದೇ ಮೊದಲು. ಅವಳು ಕೂತಾಗ ಅರ್ಜಿದಾರನಿಗೆ ಆಶ್ಚರ್ಯವಾದದ್ದು ಏನೆಂದರೆ, ಅವನಿಗೆ ಸಿಟ್ಟು ಬಂದಿರಲಿಲ್ಲ.

೯. ತಾವು ಅಕ್ಕಪಕ್ಕದವರೊಡನೆ ಪಿಸುಮಾತಾಡಿದಿರಿ. ಪೇಟೆಗೆ ಒಂದಾದರೂ ಶೌಚಾಲಯ ಇರಲೇಬೇಕೆಂಬ ನಿಯಮವಿರುವುದರಿಂದಲೂ, ಹೊಸದು ಕಟ್ಟಲು ಸಮಯ ಹಿಡಿಯುವುದರಿಂದಲೂ, ಇದ್ದ ಒಂದನ್ನು ತೆಗೆದರೆ ಮೇಲಿನವರಿಗೆ ಉತ್ತರ ಕೊಡಬೇಕಾಗುವುದರಿಂದಲೂ, ತಾವು ಹೊರಡಿಸಿದ ಆದೇಶ ಹೀಗಿತ್ತು: "ಸಾರ್ವಜನಿಕ ಹಿತದೃಷ್ಟಿಯಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸದರಿ ಶೌಚಾಲಯವು ಯಥಾಸ್ಥಿತಿ ಮುಂದುವರಿಯತಕ್ಕದ್ದು. ಅದರಲ್ಲಿರುವ ಕುಟುಂಬವು ಸಾರ್ವಜನಿಕರಿಗೆ ಅಡಚಣೆಯಾಗದಂತೆ ವಾಸಿಸತಕ್ಕದ್ದು."

ತರಕಾರಿ ಅಜ್ಜಿ ಕೂತಲ್ಲಿಂದಲೇ, "ನಾವು ಕಕ್ಕಸು ಕಟ್ಟಿಸಿಕೊಡಿ ಅಂದ್ರೆ ಇವರು ಬೀಗದವನ ಮನೆ ಬರೆದುಕೊಟ್ರಲ್ಲಪ್ಪ!" ಎಂದಳು. ಅಷ್ಟರಲ್ಲಿ ಸಭೆ ಮುಗಿಯಿತೆಂದು ಘೋಷಣೆಯಾಗಿತ್ತು.

೧೦. ಆದೇಶವೆಂದರೆ ಆದೇಶ. ಆದ್ದರಿಂದ ಅರ್ಜಿದಾರನು ಅದನ್ನು ಪಾಲಿಸಲು ತೊಡಗಿದನು. ಹಿತ್ತಲಿನ ಗೋಡೆ ಹಿಂದಿನ ಗಲ್ಲಿಗೆ ತಾಗಿಕೊಂಡಿದೆ. ಅದನ್ನು ಅಲ್ಲಿ ಒಡೆಸಿ, ಗಲ್ಲಿಯಿಂದ ನೇರ ಕಕ್ಕಸಿಗೆ ಬರುವಂತೆ ಒಂದು ಕಿರುಬಾಗಿಲು ಇಡಿಸಿದನು. ನಡುಮನೆಯ ಮೂಲಕ ಇನ್ನು ಯಾರೂ ದಾಟಬೇಕಿಲ್ಲ. ಆಮೇಲೆ ಕಕ್ಕಸಿನ ಬಾಗಿಲಿಗೆ ಬೀಗ ಹಾಕುವ ಪ್ರಶ್ನೆ ಬಂತು. ಹೊರಗಿನವರನ್ನು ಹೊರಗಿಡುವುದೇ ಬೀಗ ಎಂದು ಕಲಿತು ಬೆಳೆದವನು ಅವನು. ಅವನು ಜೀವನದಲ್ಲಿ ಮಾಡಿದ ಬೀಗಗಳೆಲ್ಲ ಹೊರಗಿನಿಂದ ಹಾಕುವಂಥವೇ. ಈ ಸಲ ಹಳೆಯ ತಿಜೋರಿಯೊಂದರ ಅಗುಳಿ ತೆಗೆದು, ತೇಯ್ದು, ಎಣ್ಣೆ ಬಿಟ್ಟು, ಒಳಗಿನಿಂದ ಮಾತ್ರ ಬೀಳುವ ಬೀಗವೊಂದನ್ನು ಮಾಡಿದನು. ಹೊರಗಡೆ ಕೀಲಿಯ ತೂತೇ ಇಲ್ಲ. ಒಳಗಿರುವವರು ಅಗುಳಿ ಸರಿಸಿದರೆ ಅರ್ಜಿದಾರನಿಂದಲೂ ಅದನ್ನು ತೆರೆಯಲು ಸಾಧ್ಯವಿಲ್ಲ.

ಅದನ್ನು ಮೊದಲು ಬಳಸಿದವಳು ತರಕಾರಿ ಅಜ್ಜಿ. ಎಷ್ಟು ಹೊತ್ತಾದರೂ ಬರಲಿಲ್ಲ. ಅಗುಳಿ ಸಿಕ್ಕಿಹಾಕಿಕೊಂಡಿತೇನೋ ಎಂದು ಅರ್ಜಿದಾರನಿಗೆ ಗಾಬರಿಯಾಗಿ, "ಅಜ್ಜೀ, ತೆಗೆಯೋಕೆ ಬರ್ತಿಲ್ವಾ?" ಎಂದು ಕೂಗಿದನು.

"ಬರುತ್ತೆ ಕಣೋ" ಎಂದಿತು ಒಳಗಿನ ದನಿ. "ಯಾರಾದರೂ ಬಂದುಬಿಟ್ಟಾರು ಅನ್ನೋ ಹೆದರಿಕೆ ಇಲ್ಲದೆ ಕೂತು ಅಭ್ಯಾಸ ಇಲ್ಲ. ಸ್ವಲ್ಪ ಕೂರ್ತೀನಿ, ಸುಮ್ಮನಿರು."

೧೧. ಇನ್ನೊಂದು ವಿಷಯವನ್ನೂ ತಮ್ಮ ಗಮನಕ್ಕೆ ತರತಕ್ಕದ್ದಿದೆ. ಮರುವಾರ ನಕ್ಷೆ ಮೇಡಂ ಗಲ್ಲಿಯ ಬಾಗಿಲಿನಿಂದ ಬಂದರು. ತನಿಖೆಗೆಂದೇ ಅರ್ಜಿದಾರನು ತಿಳಿದನು. ತನಿಖೆಗಲ್ಲ. ಹೊರಗೆ ಬಂದ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅರ್ಜಿದಾರನ ಹೆಂಡತಿ ಕೊಟ್ಟ ನೀರನ್ನು ಪೂರ್ತಿ ಕುಡಿದು, ತಗ್ಗಿದ ದನಿಯಲ್ಲಿ ಹೇಳಿದರು: "ನಮ್ಮ ಮೂರನೇ ಮಹಡೀಲಿ ಹೆಂಗಸರದ್ದು ಒಂದಿದೆ. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದಕ್ಕೆ ಬೀಗ. ಕೀ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಕಟ್ಟಡದ ಒಳನಕ್ಷೇಲಿ ಮಾತ್ರ ಅದನ್ನ ನೀಲೀನೇ ತೋರಿಸ್ತೀವಿ."

"ಇಷ್ಟು ದಿನ ಏನು ಮಾಡ್ತಿದ್ರಿ ಮೇಡಂ?" ಎಂದಳು ಅರ್ಜಿದಾರನ ಹೆಂಡತಿ.

"ನೀರು ಕುಡೀತಿರಲಿಲ್ಲ" ಎಂದರು ಮೇಡಂ.

ಅರ್ಜಿದಾರನ ಹೆಂಡತಿ ಲೋಟವನ್ನು ಮತ್ತೆ ತುಂಬಿಸಿದಳು. ಅರ್ಜಿದಾರನು ಸಲಕರಣೆಯ ಪೆಟ್ಟಿಗೆ ಎತ್ತಿಕೊಂಡು ಮೇಡಂ ಹಿಂದೆ ತಮ್ಮ ಮೂರು ಮಹಡಿಗಳನ್ನು ಹತ್ತಿದನು.

ಆದ ಕಾರಣ, ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ಅರ್ಜಿದಾರನು ತನ್ನ ಹಿಂದಿನ ಎಲ್ಲ ಅರ್ಜಿಗಳನ್ನು ಹಿಂಪಡೆಯುತ್ತ, ಸದರಿ ಸ್ಥಳವು ಶೌಚಾಲಯವೆಂದು ಬೇಷರತ್ತಾಗಿ ಒಪ್ಪಿ, ಈ ಕೆಳಗಿನವುಗಳನ್ನು ಕೋರುತ್ತಾನೆ:

ಅ) ಸಾರ್ವಜನಿಕ ಶೌಚಾಲಯಕ್ಕೆ ಸಲ್ಲಬೇಕಾದ ನೀರಿನ ಕೊಳಾಯಿಯನ್ನು ಹಾಕಿಸಿಕೊಡುವುದು. ಸದ್ಯ ಅರ್ಜಿದಾರನ ಕುಟುಂಬದ ನೀರು ಊರಿಗೆಲ್ಲ ಸಾಲದೆ, ಅರ್ಜಿದಾರನ ಸ್ನಾನಕ್ಕೆ ಆಕ್ಷೇಪಣೆಗಳು ಬರುತ್ತಿವೆ.

ಆ) ಗಲ್ಲಿಗೆ ಒಂದು ದೀಪ.

ಇ) ಶುಚಿ ಮಾಡಲು ಒಬ್ಬ ನೌಕರ. ಈಗ ಹೆಂಡತಿಯೂ ಅರ್ಜಿದಾರನೂ ಸರದಿಯಂತೆ ಮಾಡುತ್ತಿದ್ದಾರೆ. ಅರ್ಜಿದಾರನ ಸರದಿಯ ದಿನ ನಕ್ಷತ್ರಗಳು ಕಡಿಮೆ ಬೀಳುತ್ತಿವೆ.

ಈ) ನಿಲ್ದಾಣದ ಪಕ್ಕದಲ್ಲಿ ತಮ್ಮ ಇಲಾಖೆಯ ಕೆಟ್ಟ ಜೀಪುಗಳು ನಿಂತಿರುವ ಖಾಲಿ ಜಾಗವು ನಕ್ಷೆಯಲ್ಲಿ ಹಸಿರಾಗಿದೆ. ಜೀಪುಗಳ ಮೇಲೆ ಬೆಳೆದ ಬಳ್ಳಿಯನ್ನು ಆಕಾಶದಿಂದ ಕಂಡು ಹಾಗೆ ಬಳಿದಿರಬಹುದು. ಅಲ್ಲಿ ನಿಜವಾದ ಶೌಚಾಲಯವೊಂದನ್ನು ಕಟ್ಟಿಸುವುದು. ಅದರ ಎಲ್ಲ ಬಾಗಿಲುಗಳಿಗೂ ಒಳಬೀಗ ಮಾಡಿಕೊಡಲು ಅರ್ಜಿದಾರನು ಸಿದ್ಧನಿದ್ದಾನೆ. ಅದರ ಬಾಗಿಲು ತೆರೆಯುವ ದಿನದವರೆಗೆ ಅರ್ಜಿದಾರನ ಕಿರುಬಾಗಿಲು ಮುಚ್ಚುವುದಿಲ್ಲ. ಮುಚ್ಚಲು ಅವನ ಹೆಂಡತಿಯ ಒಪ್ಪಿಗೆಯೂ ಇಲ್ಲ.

ತಮ್ಮ ನಕ್ಷೆಯಂತೆಯೇ ಬಾಳುತ್ತಿರುವ ವಿಶ್ವಾಸಿ,
ಬೀಗದಣ್ಣ

(ಆಕ್ಷೇಪಣೆ ಇಲ್ಲ: ಅರ್ಜಿದಾರನ ಹೆಂಡತಿ)

ಲಗತ್ತುಗಳು:

೧. ಸ್ಥಳದ ಒಳಗಿನ ಚಿತ್ರಗಳು: ಮಂಚ, ಒಲೆ, ಟಿವಿ.

೨. ಬಂದುಹೋದವರ ಇತ್ತೀಚಿನ ಅಭಿಪ್ರಾಯಗಳು. (ಕೊನೆಯದನ್ನು ಬರೆದವರು ಕಣ್ಣಾಸ್ಪತ್ರೆಯ ಹುಡುಗನ ತಂದೆ. "ಸಿಬ್ಬಂದಿ ಆತ್ಮೀಯರು. ಸಂಬಂಧ ಬೆಳೆಸಬಹುದು.")

೩. ಪೇಟೆ ಬೀದಿಯ ಹೆಂಗಸರ ಸಹಿಗಳು ಮತ್ತು ತರಕಾರಿ ಅಜ್ಜಿಯ ಹೆಬ್ಬೆಟ್ಟು.

೪. ತಮ್ಮ ಮೂರನೇ ಮಹಡಿಯ ಮಹಿಳೆಯರ ಶೌಚಾಲಯದ ಹೊಸ ಬೀಗದ ಕೈ, ಒಂದು. ಅದರ ಜೊತೆಯದು ನಕ್ಷೆ ಮೇಡಂ ಅವರ ಬಳಿ ಇದೆ. ಇದನ್ನು ದಯವಿಟ್ಟು ಕಡತದೊಳಗೆ ಹಾಕಿ ಕಟ್ಟಬಾರದು.

ವಿಶೇಷ ಸೂಚನೆ: ಅರ್ಜಿದಾರನ ಮಗಳ ಮದುವೆ ಗೊತ್ತಾಗಿದೆ. ಕರೆಯೋಲೆಯಲ್ಲಿ ಒಂದು ವಿಳಾಸ ಅಚ್ಚು ಹಾಕಿಸಬೇಕಾಗಿದೆ. ಆದ ಪ್ರಯುಕ್ತ, ನಕ್ಷೆಯನ್ನು ಮುಂದಿನ ಸಲ ತಿದ್ದುವಾಗ, ಸದರಿ ಶೌಚಾಲಯದ ಪಕ್ಕದಲ್ಲಿ ಜಾಗ ಉಳಿದಿದ್ದಲ್ಲಿ, ಒಂದು ಮನೆಯನ್ನೂ ಗುರುತಿಸಿಕೊಡಬೇಕಾಗಿ ಕೋರಿಕೆ. ಚಿಕ್ಕದಾದರೂ ಆದೀತು.